ಹೊಲಿಗೆ ಮೆಷಿನ್ನಿಗೂ ಒಂದು ಸೋಮವಾರ

ಎರಡೂ ಎಡಗೈ ತೋಳು. ರಾತ್ರಿ ಹನ್ನೆರಡೂವರೆಗೆ ಕತ್ತರಿ ಕೆಳಗಿಟ್ಟು ಜೋಡಿಸಿ ನೋಡಿದಾಗ ಗೊತ್ತಾಯಿತು.

ಹೊಲಿಗೆ ಗೊತ್ತಿಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬ್ಲೌಸಿನ ತೋಳಿನಲ್ಲಿ ಕಂಕುಳ ಕಡೆಯ ಕೆತ್ತು ಹಿಂದಕ್ಕಿಂತ ಮುಂದೆ ಅರ್ಧ ಇಂಚು ಹೆಚ್ಚು ಆಳ ಇರುತ್ತದೆ. ಹಾಗಾಗಿ ಬಟ್ಟೆಯನ್ನು ಮುಖಕ್ಕೆ ಮುಖ ಮಡಚಿ ಎರಡು ತೋಳನ್ನೂ ಒಟ್ಟಿಗೇ ಕತ್ತರಿಸಬೇಕು, ಆಗ ಒಂದು ಎಡ, ಒಂದು ಬಲ ತಾನಾಗಿ ಬರುತ್ತದೆ. ಅವತ್ತು ಬಟ್ಟೆ ಸಾಲುತ್ತಿರಲಿಲ್ಲ. ಅಂಚು ಎರಡೂ ತೋಳಿಗೆ ಕೂರಲಿ ಅಂತ ಬಿಡಿಬಿಡಿಯಾಗಿ ಹರಡಿಕೊಂಡೆ, ಎರಡನ್ನೂ ಮುಖ ಮೇಲೆ ಮಾಡಿಯೇ ಕತ್ತರಿಸಿಬಿಟ್ಟೆ. ಸಾದಾ ಕಾಟನ್ ಆಗಿದ್ದರೆ ಒಂದನ್ನು ಮಗುಚಿ ಹೊಲಿದರೆ ಯಾರಿಗೂ ತಿಳಿಯುವುದಿಲ್ಲ. ಇದು ಜರಿ ಅಂಚಿನ ಮೈಸೂರು ರೇಷ್ಮೆ. ಮಗುಚಿದರೆ ಜರಿಯ ಹಿಂಬದಿ ಎದ್ದು ಕಾಣುತ್ತದೆ. ಸೀರೆಯ ಜೊತೆ ಬಂದಿದ್ದ ಪೀಸ್ 80 ಸೆಂಟಿಮೀಟರು, ಉಳಿದಿದ್ದು ಅಂಗೈಯಗಲ.

ಬೆಳಿಗ್ಗೆ ಬ್ಲೌಸ್ ಹೊಲಿಯಲು ಕೊಟ್ಟಿದ್ದ ಆಕೆಗೆ ಫೋನ್ ಮಾಡಿ ಕರೆಸಿದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಎರಡು ತೋಳನ್ನೂ ತೊಡೆ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ, "ಸೊಂಟಕ್ಕೆ ಸಿಗಿಸೋ ಕಡೆಯಿಂದ ತಗೋ, ಅದು ಯಾರಿಗ್ ಕಾಣುತ್ತೆ" ಅಂದರು. ಸೀರೆ 14 ಇಂಚು ಮೋಟಾಯಿತು. ಮದುವೆಗೆ ನನ್ನನ್ನೂ ಕರೆದಿದ್ದರು, ಹೋಗಿದ್ದೆ. ಅಕ್ಷತೆ ಹಾಕಲು ಆಕೆ ಕೈ ಎತ್ತಿದಾಗ ನನ್ನ ಕಣ್ಣು ಬಲತೋಳಿನ ಮೇಲೇ ಇತ್ತು.

ಅದಕ್ಕೂ ಮುಂಚೆ ಹನ್ನೊಂದು ವಾರ ಒಂದು ದಿನವೂ ಬಿಡದೆ ಹೊಲಿದಿದ್ದೆ. ಮಂಡ್ಯದಲ್ಲಿ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬಾಡಿಗೆ ಇಲ್ಲ ಅನ್ನೋದು ಲಾಭ, ಬಾಗಿಲು ಇಲ್ಲ ಅನ್ನೋದು ನಷ್ಟ. ಬಾಗಿಲು ಇದೆ, ಹಾಕೋ ಹೊತ್ತು ಇಲ್ಲ. ರಾತ್ರಿ ಒಂಬತ್ತಕ್ಕೆ ಊಟ ಮಾಡುತ್ತಿದ್ದರೂ "ಒಂದ್ ಹುಕ್ಸು ಹಾಕ್ಕೊಡಿ" ಅಂತ ಬಂದವರನ್ನು ಹೇಗೆ ಕಳಿಸೋದು? ನಮ್ಮೂರ ಕೆಲಸ ಹೊಳೆಯ ಲೆಕ್ಕದ್ದು. ಕನ್ನಂಬಾಡಿ ಕಟ್ಟೆ 124.80 ಅಡಿ ಮುಟ್ಟಿ ನಾಲೆ ತುಂಬಿ ಹರಿದ ವರ್ಷ ಪಟ್ಟೆ ಸೀರೆ, ಲೈನಿಂಗ್ ಬ್ಲೌಸು, ಬೆನ್ನಿಗೆ ಆರಿ ವರ್ಕು ಅಂತ ಬರುತ್ತಾರೆ. ನೀರು ಕಮ್ಮಿಯಾದ ವರ್ಷ ಹಳೇ ಬ್ಲೌಸಿನ ಪಕ್ಕ ಬಿಚ್ಚಿಸಿಕೊಂಡು ಹೋಗುತ್ತಾರೆ. ಬಂದಾಗ ಬಾಚಿಕೊಳ್ಳಬೇಕು ಅಂತ ನಾನೂ ಅಂದುಕೊಂಡಿದ್ದೆ.

ಎರಡೂ ಎಡಗೈ ಆದ ವಾರ ತಾತ ನೆನಪಾದರು. ಪಾಂಡವಪುರದ ಹತ್ತಿರ ವಿಶ್ವೇಶ್ವರಯ್ಯ ನಾಲೆ ಬಯಲಲ್ಲಿ ಅವರದ್ದು ಎರಡೆಕರೆ, ಒಂದು ಜೊತೆ ಹಳ್ಳಿಕಾರ್ ಎತ್ತು. ಸೋಮವಾರ ಬಸವನ ದಿನ, ನೊಗ ಮುಟ್ಟುವ ಹಾಗಿಲ್ಲ. ನಾಟಿ ತಡವಾಗಲಿ, ಮಳೆ ಬಂದು ಹದ ಕೂತಿರಲಿ, "ಸ್ವಾಮಾರ ಆರು ಕಟ್ಟಕಿಲ್ಲ ಕಣವ್ವ" ಅಷ್ಟೇ ಮಾತು. ಸಂಕ್ರಾಂತಿಗೆ ಕೊಂಬಿಗೆ ಬಣ್ಣ ಬಳಿದು ಕಿಚ್ಚು ಹಾಯಿಸುವುದನ್ನು ನೋಡಲು ಊರೇ ಸೇರುತ್ತಿತ್ತು. ಆದರೆ ಎತ್ತಿಗೆ ಸಿಗುತ್ತಿದ್ದ ದೊಡ್ಡ ಹಬ್ಬ ವಾರವಾರದ ಈ ಸೋಮವಾರವೇ ಅಂತ ಈಗ ಅನಿಸುತ್ತದೆ. ಯೋಚಿಸಿದರೆ ಎಲ್ಲರಿಗೂ ಒಂದು ದಿನ ಇದೆ. ಆಫೀಸಿಗೆ ಭಾನುವಾರ, ಕ್ಷೌರದಂಗಡಿಗೆ ಮಂಗಳವಾರ, ಮೈಸೂರಿನ ಮೃಗಾಲಯಕ್ಕೂ ಮಂಗಳವಾರ. ಹುಲಿಗೂ ರಜೆ ಉಂಟು, ಟೈಲರಿಗಿಲ್ಲ.

ಭಾನುವಾರ ಮುಚ್ಚುವ ಹಾಗಿರಲಿಲ್ಲ, ಕೆಲಸಕ್ಕೆ ಹೋಗುವ ಹೆಂಗಸರು ಅಳತೆ ಕೊಡಲು ಬರುವುದು ಅವತ್ತೇ. ಸೋಮವಾರ ಅಂತ ಆರಿಸಿದೆ. ಆಷಾಢದಲ್ಲಿ ಶುರು ಮಾಡಿದೆ, ಮದುವೆ ಇಲ್ಲದ ತಿಂಗಳು, ಧೈರ್ಯ ಬೇಕಾಗಲಿಲ್ಲ.

ಸೋಮವಾರ ರಜೆ ಅಂತ ಬೋರ್ಡು ಹಾಕುವ ಮೊದಲು ಒಂದು ತಿಂಗಳು ಆರ್ಡರ್ ಪುಸ್ತಕದ ಅಂಚಿನಲ್ಲಿ ಪ್ರತಿ ಬ್ಲೌಸಿಗೂ ಕೂತ ಹೊತ್ತು, ಎದ್ದ ಹೊತ್ತು ಪೆನ್ಸಿಲಿನಲ್ಲಿ ಬರೆದಿಟ್ಟೆ. ಇದೊಂದು ಕೆಲಸ ನನಗೆ ಆಗಿಬಂತು. ನಾನು ದಿನಕ್ಕೆ ಹನ್ನೊಂದು ಗಂಟೆ ಕೆಲಸ ಮಾಡುತ್ತೇನೆ ಅಂತ ಎಲ್ಲರ ಹತ್ತಿರವೂ ಹೇಳಿಕೊಂಡು ಓಡಾಡುತ್ತಿದ್ದೆ. ಪುಸ್ತಕದ ಪ್ರಕಾರ ಕತ್ತರಿ, ಮೆಷಿನ್ನು, ಕೈಹೊಲಿಗೆ ಎಲ್ಲ ಸೇರಿ ಏಳು ಗಂಟೆ. ಉಳಿದ ನಾಲ್ಕು ಗಂಟೆ? ಬಾಗಿಲು ತೆಗೆದಿದ್ದು, ಫೋನ್ ಎತ್ತಿದ್ದು, "ರೆಡಿ ಆಯ್ತಾ" ಅಂತ ಕೇಳಲು ಬಂದವರಿಗೆ ಕಾಫಿ ಕೊಟ್ಟಿದ್ದು, ಕಬ್ಬಿನ ದುಡ್ಡು ಬಂದ ಮೇಲೆ ಕೊಡ್ತೀನಿ ಅನ್ನುವವರ ಮನೆಕತೆ ಕೇಳಿದ್ದು. ಲೈನಿಂಗ್ ಬ್ಲೌಸಿಗೆ ಎರಡೂವರೆ ಗಂಟೆ ಬೇಕು. ನಡುವೆ ಆರು ಸಲ ಎದ್ದರೆ ನಾಲ್ಕು ಗಂಟೆ ಆಗುತ್ತದೆ. ಎದ್ದು ಬಂದು ಕೂತಾಗ ಮೆಷಿನ್ನಿನ ಅಡಿಯ ಬಾಬಿನ್ ದಾರ ಮುಗಿದಿದ್ದು ಗೊತ್ತಾಗದೆ ಒಂದು ಮೊಳ ಹೊಲಿಗೆಯೇ ಬೀಳದೆ ಓಡಿಸಿದ್ದೂ ಉಂಟು.

ಅದನ್ನು ನೋಡಿ ಕೆಲವು ಬದಲಾಯಿಸಿದೆ. ಕತ್ತರಿಸುವುದು ಬೆಳಿಗ್ಗೆ ಮಾತ್ರ, ಸ್ನಾನ ತಿಂಡಿ ಆದಮೇಲೆ. ಹೊಲಿದಿದ್ದು ತಪ್ಪಿದರೆ ಬಿಚ್ಚಬಹುದು, ಕತ್ತರಿಸಿದ್ದನ್ನು ಬಿಚ್ಚುವುದೆಲ್ಲಿಂದ? ಮರುದಿನದ ಲೈನಿಂಗ್ ಬಟ್ಟೆಯನ್ನು ರಾತ್ರಿಯೇ ಒಟ್ಟಿಗೆ ನೆನೆಹಾಕಿ ಹಿಂಡಿ ಹರವುತ್ತೇನೆ. ನೆನೆಸದೆ ಕತ್ತರಿಸಿದರೆ ಮೊದಲ ಒಗೆತಕ್ಕೇ ಕುಗ್ಗಿ, ಮೇಲಿನ ಬಟ್ಟೆ ನಿರಿಗೆ ನಿರಿಗೆ ಆಗುತ್ತದೆ. ಕೊಡುವುದು, ತೆಗೆದುಕೊಳ್ಳುವುದು ಸಂಜೆ ಐದರಿಂದ ಏಳು. ಇದಕ್ಕೆ ಬಂದ ಬೈಗುಳ ಸೋಮವಾರದ ಬೋರ್ಡಿಗೂ ಬರಲಿಲ್ಲ. "ಬ್ಯಾಂಕ್ ಮ್ಯಾನೇಜರ್ ಆಗ್ಬಿಟ್ರಾ" ಅಂತ ಒಬ್ಬರು ಕೇಳಿದರು. ಮೂರ್ನಾಲ್ಕು ಜನ ಬಿಟ್ಟು ಹೋದರು, ಅದರಲ್ಲಿ ಇಬ್ಬರು ದಸರೆ ಹೊತ್ತಿಗೆ ವಾಪಸ್ ಬಂದರು. ಹೊಸ ಕಡೆ ಕುತ್ತಿಗೆ ಸರಿ ಕೂರಲಿಲ್ಲವಂತೆ. ಕೇಳಿ ಖುಷಿಯಾಯಿತು, ಮುಚ್ಚಿಡುವುದೇನು.

ಮೊದಲ ಸೋಮವಾರಗಳು ಮಾತ್ರ ನಗೆಪಾಟಲು. ಮೆಷಿನ್ನಿಗೆ ಬಟ್ಟೆ ಹೊದಿಸಿದೆ, ಟೀವಿ ಮುಂದೆ ಕೂತೆ, ಕೈಯಲ್ಲಿ ಹೆಮ್ಮಿಂಗ್. ಮೆಷಿನ್ ಓಡದಿದ್ದರೆ ಕೆಲಸ ಅಲ್ಲ ಅಂತ ನನ್ನ ಲೆಕ್ಕ. ಮೂರನೇ ವಾರ ಹೊತ್ತಿಗೆ ಮನೆಯವರಿಗೂ ವಿಷಯ ಮುಟ್ಟಿತು. ಸೋಮವಾರ ಅವಳಿಗೆ ರಜೆ ತಾನೆ? ಸರಿ, ಬೆಡ್‌ಶೀಟು ಒಗೆಯೋದು ಸೋಮವಾರ, ದೋಸೆಹಿಟ್ಟು ಸೋಮವಾರ, ಗ್ಯಾಸಿನವನು ಬರೋದು ಸೋಮವಾರ, ಅತ್ತೆಯ ಕಣ್ಣಾಸ್ಪತ್ರೆ ಸೋಮವಾರ. ಒಂದು ಸೋಮವಾರ ರಾತ್ರಿ ಸೊಂಟ ಹಿಡಿದುಕೊಂಡು ಮಲಗಿದಾಗ, ನಾಳೆ ಮೆಷಿನ್ ಮುಂದೆ ಕೂತು ಸ್ವಲ್ಪ ಸುಧಾರಿಸಿಕೊಳ್ಳಬಹುದು ಅನ್ನಿಸಿತು. ಅಷ್ಟು ಹದಗೆಟ್ಟಿತ್ತು.

ಊರಿಗೆ ಹೋದಾಗ ಅಜ್ಜಿಯನ್ನು ಕೇಳಿದೆ, "ತಾತ ಎತ್ತಿಗೆ ಸೋಮವಾರ ರಜೆ ಕೊಡ್ತಿದ್ರಲ್ಲ, ನೀನು ಏನ್ ಮಾಡ್ತಿದ್ದೆ?" ಅಜ್ಜಿಗೆ ಕಿವಿ ಮಂದ, ಎರಡು ಸಲ ಹೇಳಬೇಕಾಯಿತು. "ಗಂಡಸ್ರು ಮನೇಲೇ ಇರೋರಲ್ಲವ್ವ. ಹಗ್ಗ ಹೊಸಿತಾ, ಎತ್ ತೊಳಿತಾ ಕೂತಿರೋರು. ಮೂರ್ ಸರ್ತಿ ಕಾಪಿ, ಬಿಸೀ ಮುದ್ದೆ. ಬ್ಯಾರೆ ದಿನ ಬುತ್ತಿ ಕಟ್ಟಿದ್ರೆ ಆಗೋದು."

ಅವತ್ತೇ ತೀರ್ಮಾನ ಮಾಡಿದೆ, ಸೋಮವಾರ ಮನೆಯಲ್ಲಿ ಇರಕೂಡದು. ಬೆಳಗಿನ ತಿಂಡಿ ಮುಗಿಸಿ ಮಂಡ್ಯ ಸ್ಟೇಷನ್ನಿಗೆ ಹೋಗಿ ಮೈಸೂರು ಕಡೆಯ ಪ್ಯಾಸೆಂಜರ್ ಹತ್ತುತ್ತೇನೆ. ಯಲಿಯೂರು ದಾಟುವಾಗ ಕಬ್ಬಿನ ಗದ್ದೆ ಕಿಟಕಿಗೇ ತಾಗುವ ಹಾಗೆ ಬರುತ್ತದೆ. ಪಾಂಡವಪುರ ಆದಮೇಲೆ ಸೇತುವೆ, ಕಾವೇರಿ, ಶ್ರೀರಂಗಪಟ್ಟಣ. ಅಲ್ಲೇ ಇಳಿಯುತ್ತೇನೆ. ಸ್ಟೇಷನ್ನಿನಿಂದ ರಂಗನಾಥಸ್ವಾಮಿ ಗುಡಿಗೆ ಕಾಲಳತೆಯ ದೂರ, ಹೊಳೆಯೂ ಹಾಗೇ. ಜೋಡಿ ಹಳಿಗೆ ಅಡ್ಡ ಬಂತು ಅಂತ 2017ರಲ್ಲಿ ಅಲ್ಲಿದ್ದ ಟಿಪ್ಪು ಕಾಲದ ಮದ್ದಿನ ಮನೆಯನ್ನು ಕೆಡವದೆ, ಇಡೀ ಕಟ್ಟಡವನ್ನೇ ಅಡಿಯಿಂದ ಎತ್ತಿ ಆಚೆಗೆ ಸರಿಸಿದರು. ಅದರ ಪಕ್ಕ ನಡೆಯುವಾಗಲೆಲ್ಲ ನಗು ಬರುತ್ತದೆ. ಕಲ್ಲುಗಾರೆ ಕಟ್ಟಡ ಸರಿಯಿತು, ನಮ್ಮನೆಯ ದೋಸೆಹಿಟ್ಟು ಸೋಮವಾರದಿಂದ ಮಂಗಳವಾರಕ್ಕೆ ಸರಿಯಲು ಐದು ತಿಂಗಳು ಹಿಡಿಯಿತು.

ಹೊಳೆ ಮೆಟ್ಟಿಲಲ್ಲಿ ಕೂತು ಏನು ಮಾಡುತ್ತೇನೆ ಅಂತ ಮಗಳು ಕೇಳುತ್ತಾಳೆ. ಏನೂ ಇಲ್ಲ. ಕಡಲೆಕಾಯಿ ತಿನ್ನುತ್ತೇನೆ. ಅಸ್ಥಿ ಬಿಡಲು ಬಂದವರು, ಮುಡಿ ಕೊಟ್ಟು ಮುಳುಗು ಹಾಕುವವರು, ಬಟ್ಟೆ ಒಗೆಯುವವರು, ಎಲ್ಲರೂ ಒಂದೇ ನೀರಿನಲ್ಲಿ. ಬೆನ್ನು ತಿರುಗಿಸಿ ನಿಂತ ಹೆಂಗಸರ ಬ್ಲೌಸು ಮಾತ್ರ ನೋಡದಿರಲು ಆಗುವುದಿಲ್ಲ. ಈಕೆಗೆ ಭುಜ ಕಾಲಿಂಚು ಹೆಚ್ಚಾಯಿತು, ಇವರಿಗೆ ಡಾಟ್, ಅಂದರೆ ಮೈಗೆ ಕೂರಲಿ ಅಂತ ಹಾಕುವ ಮಡಿಕೆ, ಕೆಳಗಿಳಿದಿದೆ, ಅದಕ್ಕೇ ಸುಕ್ಕು. ಈ ಚಟ ಬಿಡಿಸುವ ರಜೆ ಇನ್ನೂ ಸಿಕ್ಕಿಲ್ಲ. ಫೋನು ಮಗಳ ಹತ್ತಿರ ಇರುತ್ತದೆ. ಗಿರಾಕಿಗಳಿಗೆ "ಅಮ್ಮ ಊರಲ್ಲಿಲ್ಲ" ಅಂತ ಹೇಳುತ್ತಾಳೆ. ಮನೆಯಲ್ಲೇ ಇದ್ದಿದ್ದರೆ ಅವಳಿಂದ ಸುಳ್ಳು ಹೇಳಿಸಬೇಕಿತ್ತು.

ನಿಯಮ ಮುರಿದಿಲ್ಲ ಅಂತಲ್ಲ. ವರಮಹಾಲಕ್ಷ್ಮಿ ಹಬ್ಬ ಯಾವಾಗಲೂ ಶುಕ್ರವಾರ, ಅದರ ಹಿಂದಿನ ಸೋಮವಾರ ಅಂದರೆ ನಾಲ್ಕೇ ದಿನ. ಮೊದಲ ವರ್ಷ ಅವತ್ತು ರಾತ್ರಿ ಎರಡರವರೆಗೆ ಹೊಲಿದೆ. ಮರುವರ್ಷ ಹಬ್ಬಕ್ಕೆ ಹದಿನೈದು ದಿನ ಇರುವಾಗಲೇ ಪುಸ್ತಕ ಮುಚ್ಚಿದೆ. ಮೈಮೇಲೆ ಬಿದ್ದು ಕೇಳಿದವರಿಗೂ ಇಲ್ಲ ಅಂದೆ, ನನ್ನ ತಂಗಿಗೂ ಇಲ್ಲ ಅಂದೆ. ತಂಗಿ ಇನ್ನೂ ಅದನ್ನು ಮರೆತಿಲ್ಲ.

ದುಡ್ಡಿನ ಲೆಕ್ಕ ಹೇಳದಿದ್ದರೆ ಇದನ್ನು ಓದಿದ ಹೊಲಿಗೆಯವರು ನಂಬುವುದಿಲ್ಲ. ಮೊದಲು ವಾರಕ್ಕೆ ಸುಮಾರು 20 ಬ್ಲೌಸು, ಒಂದಕ್ಕೆ 350 ರೂಪಾಯಿ, 7000. ಈಗ ಆರು ದಿನಕ್ಕೆ 19. ದರ 400 ಮಾಡಿದೆ, 7600. ಆರು ದಿನಕ್ಕೆ 19 ಹೇಗಾಯಿತು ಅಂದರೆ, ಹೆಮ್ಮಿಂಗ್, ಹುಕ್ಸು, ಕಾಜಾ ಎಲ್ಲ ಪಕ್ಕದ ಬೀದಿಯ ಒಬ್ಬ ಹೆಂಗಸಿಗೆ ಕೊಟ್ಟೆ, ಒಂದಕ್ಕೆ 30ರಂತೆ. 19ಕ್ಕೆ 570. ಕಳೆದರೆ ನನ್ನ ಕೈಗೆ 7030. ಮೊದಲಿಗಿಂತ ಮೂವತ್ತು ರೂಪಾಯಿ ಹೆಚ್ಚೇ.

ಈ ಲೆಕ್ಕವನ್ನು ಹೆಮ್ಮೆಯಿಂದ ಗಂಡನಿಗೆ ತೋರಿಸಿದೆ. ಅವರು ಪುಸ್ತಕ ತಿರುವಿ, "ಆಕೆಗೆ ಬಟ್ಟೆ ಕೊಡೋದು ಯಾವತ್ತು?" ಅಂದರು. ಭಾನುವಾರ ಸಂಜೆ ಗಂಟು ಕಟ್ಟಿ ಕೊಡುತ್ತೇನೆ, ಮಂಗಳವಾರ ಬೆಳಿಗ್ಗೆ ತಂದುಕೊಡುತ್ತಾಳೆ. ಹೇಳುತ್ತಾ ಹೇಳುತ್ತಾ ನಾಲಿಗೆ ತಡೆಯಿತು. ನಾನು ಹೊಳೆ ಮೆಟ್ಟಿಲಲ್ಲಿ ಕಡಲೆಕಾಯಿ ಬಿಡಿಸುವ ಹೊತ್ತಿನಲ್ಲಿ ಆಕೆ ಹೊಸ್ತಿಲಲ್ಲಿ ಕೂತು ನನ್ನ ಹುಕ್ಸು ಹಾಕುತ್ತಿರುತ್ತಾಳೆ. ಅಜ್ಜಿಯ ಸೋಮವಾರವನ್ನು ನಾನು ಪಕ್ಕದ ಬೀದಿಗೆ ಸಾಗಿಸಿದ್ದೆ.

ಮುಂದಿನ ವಾರದಿಂದ ಗಂಟನ್ನು ಶುಕ್ರವಾರವೇ ಕೊಟ್ಟೆ, ಭಾನುವಾರ ಸಂಜೆಗೆ ವಾಪಸ್ ಕೊಡು, ಸೋಮವಾರ ಆರಾಮಾಗಿರು, ಬೇಕಾದರೆ ನನ್ನ ಜೊತೆ ರೈಲಿಗೆ ಬಾ ಅಂದೆ. ಆಕೆ ಗಂಟು ಬಿಚ್ಚಿ ಬ್ಲೌಸುಗಳನ್ನು ಒಂದೊಂದಾಗಿ ಎಣಿಸಿದಳು.

"ರೈಲಿಗೆ ಯಾಕಕ್ಕ," ಅಂದಳು. "ಸೋಮವಾರ ಖಾಲಿ ಕೂತ್ರೆ ನಂಗೇನ್ ಬರುತ್ತೆ? ಇನ್ನೊಂದ್ ಐದ್ ಬ್ಲೌಸ್ ಇದ್ರೆ ಕೊಡಿ."

ಐದು ಇರಲಿಲ್ಲ. ನಾಲ್ಕು ಕೊಟ್ಟೆ. ಮೂವತ್ತಕ್ಕೆ ಬದಲು ನಲವತ್ತು ಅಂತ ಪುಸ್ತಕದಲ್ಲಿ ತಿದ್ದಿದೆ.