ಕ್ಲಿಪ್ ಬಿಟ್ಟು ಸಂಸತ್ತಿನ ಒಂದು ಪೂರ್ತಿ ದಿನ ನೋಡೋದು ಹೇಗೆ

ಅಧಿವೇಶನ ಶುರು ಆಯ್ತು ಅಂದ್ರೆ ಫೋನ್ ತುಂಬ ಕ್ಲಿಪ್ಪುಗಳೇ, ಇವರು ಅವರಿಗೆ ತಿರುಗೇಟು ಕೊಟ್ರಂತೆ, ಅವರು ಇವರ ಮೇಲೆ ಗುಡುಗಿದ್ರಂತೆ. ಮಜಾ ಇರತ್ತೆ, ನಾನೂ ನೋಡ್ತೀನಿ. ಆದ್ರೆ ಒಂದು ದಿನದ ಕಲಾಪ ಪೂರ್ತಿ ಕೂತು ನೋಡಿದ್ರೆ ಗೊತ್ತಾಗತ್ತೆ, ನಮಗೆ ನಿಮಗೆ ಬೇಕಾದ ವಿಷಯ ಎಲ್ಲ ಇರೋದು ಯಾರೂ ಕ್ಲಿಪ್ ಮಾಡದ ಬೋರಿಂಗ್ ಜಾಗದಲ್ಲಿ ಅಂತ. ಒಂದು ದಿನ ರಜೆ ಇದ್ದಾಗ ಟ್ರೈ ಮಾಡಿ.

ಮೊದಲು ಹಿಂದಿನ ರಾತ್ರಿ ಹತ್ತು ನಿಮಿಷದ ಕೆಲಸ ಇದೆ. ಸಂಸತ್ತಿನ ವೆಬ್‌ಸೈಟಿಗೆ ಹೋಗಿ ಮಾರನೇ ದಿನದ ಕಾರ್ಯಸೂಚಿ ಇಳಿಸ್ಕೊಳ್ಳಿ, ಲೋಕಸಭೆದು ಬೇರೆ ರಾಜ್ಯಸಭೆದು ಬೇರೆ ಇರತ್ತೆ. ಯಾವ ಮಸೂದೆ ಚರ್ಚೆಗೆ ಬರ್ತಿದೆ, ಯಾವ ಸಚಿವರು ಏನು ಮಂಡಿಸ್ತಾರೆ ಎಲ್ಲ ಅದರಲ್ಲೇ ಇರತ್ತೆ. ಇದಿಲ್ದೆ ಟಿವಿ ಹಾಕಿದ್ರೆ ಯಾರು ಯಾವುದರ ಬಗ್ಗೆ ಮಾತಾಡ್ತಿದ್ದಾರೆ ಅಂತಲೇ ಗೊತ್ತಾಗಲ್ಲ, ಸೀರಿಯಲ್‌ನ ನಡುವಿನ ಎಪಿಸೋಡ್ ನೋಡಿದ ಹಾಗೆ. ಜೊತೆಗೆ ಆ ದಿನದ ಪ್ರಶ್ನೆಗಳ ಪಟ್ಟಿನೂ ಸಿಗತ್ತೆ, ಅದನ್ನೂ ತಗೊಳ್ಳಿ. ಸಚಿವಾಲಯಗಳನ್ನ ಐದು ಗುಂಪು ಮಾಡಿ ವಾರದ ಒಂದೊಂದು ದಿನಕ್ಕೆ ಒಂದೊಂದು ಗುಂಪು ಅಂತ ಹಂಚಿರ್ತಾರೆ, ಹಾಗಾಗಿ ನಿಮಗೆ ರೈಲ್ವೆ ವಿಷಯ ಬೇಕಾ ಕೃಷಿ ಬೇಕಾ ನೋಡ್ಕೊಂಡು ದಿನ ಆರಿಸ್ಕೊಳ್ಳಿ.

ಬೆಳಿಗ್ಗೆ 11ಕ್ಕೆ ಸಂಸದ್ ಟಿವಿ ಹಾಕಿ. ಲೋಕಸಭೆ ಟಿವಿ, ರಾಜ್ಯಸಭೆ ಟಿವಿ ಅಂತ ಮುಂಚೆ ಎರಡಿತ್ತಲ್ಲ, 2021ರಲ್ಲಿ ಸೇರಿಸಿ ಇದನ್ನ ಮಾಡಿದ್ರು, ಯೂಟ್ಯೂಬ್‌ನಲ್ಲೂ ಲೈವ್ ಬರತ್ತೆ. ಲೋಕಸಭೆಲಿ 11ರಿಂದ 12 ಪ್ರಶ್ನೋತ್ತರ, ಆಮೇಲೆ ಶೂನ್ಯವೇಳೆ, ಅಂದ್ರೆ ಸಂಸದರು ತುರ್ತು ವಿಷಯ ಎತ್ತೋ ಹೊತ್ತು. ರಾಜ್ಯಸಭೆಲಿ ಉಲ್ಟಾ, ಅಲ್ಲಿ ಪ್ರಶ್ನೋತ್ತರ ಮಧ್ಯಾಹ್ನ 12ಕ್ಕೆ. ಎರಡನ್ನೂ ಒಟ್ಟಿಗೆ ನೋಡೋಕೆ ಹೋಗ್ಬೇಡಿ, ಮೊದಲ ಸಲಕ್ಕೆ ಲೋಕಸಭೆ ಸಾಕು.

ನನ್ನ ಪ್ರಕಾರ ಇಡೀ ದಿನದಲ್ಲಿ ಬೆಸ್ಟ್ ಅಂದ್ರೆ ಈ ಪ್ರಶ್ನೋತ್ತರದ ಒಂದು ಗಂಟೆ. ಚುಕ್ಕೆ ಗುರುತಿನ ಪ್ರಶ್ನೆಗಳು ದಿನಕ್ಕೆ 20, ಇವಕ್ಕೆ ಸಚಿವರು ಎದ್ದು ನಿಂತು ಉತ್ತರ ಕೊಡ್ಬೇಕು. ಮೂಲ ಉತ್ತರ ಅಧಿಕಾರಿಗಳು ಬರ್ಕೊಟ್ಟಿರೋದು, ಅದರಲ್ಲಿ ಏನೂ ಇರಲ್ಲ ಬಿಡಿ, ನೀವು ಕಿವಿ ಕೊಡ್ಬೇಕಾಗಿರೋದು ಆಮೇಲೆ ಬರೋ ಉಪಪ್ರಶ್ನೆಗಳಿಗೆ. ಅಲ್ಲಿ ಚೀಟಿ ಕೈಲಿದ್ರೂ ವಿಷಯ ತಿಳ್ಕೊಂಡಿರೋ ಸಚಿವರು ಯಾರು, ತಿಳ್ಕೊಳ್ದೆ ಬಂದೋರು ಯಾರು ಎರಡು ನಿಮಿಷದಲ್ಲಿ ಗೊತ್ತಾಗಿಬಿಡತ್ತೆ. ಕೇಳೋರದ್ದೂ ಅಷ್ಟೇ, ಕೆಲವರು ಒಂದೇ ವಾಕ್ಯದಲ್ಲಿ ಸಿಕ್ಕಿಸ್ತಾರೆ, ಕೆಲವರು ತಮ್ಮ ಕ್ಷೇತ್ರದ ಇತಿಹಾಸನೆಲ್ಲ ಹೇಳಿ ಕೊನೆಗೆ ಪ್ರಶ್ನೆ ಏನು ಅಂತ ಅವರೇ ಮರೆತಿರ್ತಾರೆ. 20ರಲ್ಲಿ ಸಾಮಾನ್ಯವಾಗಿ ಕೆಲವೇ ಪ್ರಶ್ನೆ ಮುಗಿಯೋದು, ಉಳಿದವಕ್ಕೆ ಲಿಖಿತ ಉತ್ತರನೇ ಗತಿ.

ಲಿಖಿತ ಉತ್ತರ ಅಂದ್ನಲ್ಲ, ಅದೇ ದೊಡ್ಡ ಗಣಿ. ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು ಲೋಕಸಭೆಲಿ ದಿನಕ್ಕೆ 230ರವರೆಗೂ ಇರತ್ತೆ. ಗಲಾಟೆ ಆಗಿ ಸದನ ಮುಂದೂಡಿದ್ರೂ, ಎಲ್ಲರೂ ಸದನದ ಬಾವಿಗೆ (ಸ್ಪೀಕರ್ ಪೀಠದ ಮುಂದಿನ ಜಾಗ) ಇಳಿದು ಫಲಕ ಹಿಡ್ಕೊಂಡಿದ್ರೂ ಈ ಉತ್ತರಗಳು ಮಾತ್ರ ವೆಬ್‌ಸೈಟಿಗೆ ಬಂದಿರತ್ತೆ. ಹಾಗಾಗಿ 11ಕ್ಕೆ ಶುರುವಾಗಿ 11.05ಕ್ಕೆ 12 ಗಂಟೆವರೆಗೆ ಮುಂದೂಡಿದ್ರು, ಆಮೇಲೆ 2ಕ್ಕೆ, ಆಮೇಲೆ ನಾಳೆಗೆ ಅಂದ್ರೆ ಬೈಕೊಂಡು ಟಿವಿ ಆರಿಸ್ಬೇಡಿ, ಆ ಟೈಮಲ್ಲಿ ಇವನ್ನ ತೆಗೀರಿ. ಸಂಸದರ ಹೆಸರು ಹಾಕಿ ಹುಡುಕ್ಬಹುದು, ಸಚಿವಾಲಯ ಹಾಕಿ ಹುಡುಕ್ಬಹುದು. ನಿಮ್ಮೂರಿನ ರೈಲ್ವೆ ಮೇಲ್ಸೇತುವೆ ಯಾಕೆ ನಿಂತಿದೆ ಅನ್ನೋದಕ್ಕೆ ಪೇಪರಲ್ಲಿ ಸಿಗದ ಉತ್ತರ ಇಲ್ಲಿ ಕೋಷ್ಟಕದ ಸಮೇತ ಸಿಕ್ಕಿದ್ರೂ ಸಿಗಬಹುದು.

ಓದುವಾಗ ಒಂದೆರಡು ಟ್ರಿಕ್ ಗೊತ್ತಿರ್ಲಿ. ಪ್ರಶ್ನೆಗೆ ಎ, ಬಿ, ಸಿ ಅಂತ ಭಾಗ ಇರತ್ತೆ, ಉತ್ತರದಲ್ಲಿ ಎಲ್ಲ ಭಾಗ ಒಟ್ಟಿಗೆ ಕಟ್ಟಿ ಎರಡು ಪುಟ ಯೋಜನೆಗಳ ವರ್ಣನೆ ಕೊಟ್ಟಿದ್ರೆ ಕೇಳಿದ ಅಂಕಿ ಕೊಟ್ಟಿಲ್ಲ ಅಂತ ಅನುಮಾನ ಪಡಿ. ಇದು ರಾಜ್ಯಗಳಿಗೆ ಸೇರಿದ ವಿಷಯ ಅಂತ ಮೊದಲ ಸಾಲಲ್ಲೇ ಇದ್ರೆ ಜಾರ್ಕೊಳ್ತಿದ್ದಾರೆ ಅಂತ ಅರ್ಥ, ಕೆಲವೊಮ್ಮೆ ನಿಜವಾಗ್ಲೂ ರಾಜ್ಯದ ವಿಷಯನೇ ಆಗಿರತ್ತೆ ಅದು ಬೇರೆ ಮಾತು. ಮಾಹಿತಿ ಸಂಗ್ರಹಿಸ್ತಾ ಇದ್ದೀವಿ, ಸದನದ ಮುಂದೆ ಇಡ್ತೀವಿ ಅಂತ ಬರೆದಿದ್ರೆ ಅದನ್ನ ಸುಮ್ನೆ ಬಿಡೋ ಹಾಗಿಲ್ಲ, ಅದು ಭರವಸೆ ಅಂತ ಲೆಕ್ಕಕ್ಕೆ ಹೋಗತ್ತೆ, ಸರ್ಕಾರಿ ಭರವಸೆಗಳ ಸಮಿತಿ ಅಂತಲೇ ಒಂದಿದೆ ಅದನ್ನ ಬೆನ್ನು ಹತ್ತೋಕೆ, ಮೂರು ತಿಂಗಳ ಗಡುವೂ ಇದೆ. ಗಡುವು ಮೀರೋದೂ ಮಾಮೂಲಿ ಅನ್ನಿ.

ಶೂನ್ಯವೇಳೆ ಸ್ಪೀಡಾಗಿ ಹೋಗತ್ತೆ. ಒಬ್ಬೊಬ್ಬರಿಗೂ ಒಂದೆರಡು ನಿಮಿಷ, ಆಸ್ಪತ್ರೆ, ಅಡಿಕೆ, ಕಾಡಾನೆ, ಹೆದ್ದಾರಿ ಎಲ್ಲ ಬರತ್ತೆ, ಸಚಿವರು ಅಲ್ಲೇ ಉತ್ತರ ಕೊಡ್ಬೇಕು ಅಂತೇನಿಲ್ಲ. ಕರ್ನಾಟಕದ 28 ಜನರಲ್ಲಿ ಯಾರು ಎದ್ರು ಅಂತ ಗುರುತು ಹಾಕ್ಕೊಳ್ಳಿ ಸಾಕು. ಆಗಾಗ ಯಾರಾದ್ರೂ ಕನ್ನಡದಲ್ಲಿ ಮಾತಾಡಿದ್ರೆ ಖುಷಿ ಆಗತ್ತೆ. ಈ ದಾರಿ ಮಾಡಿಕೊಟ್ಟೋರು ಜೆ.ಎಚ್. ಪಟೇಲರು, 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋಗಿ ಲೋಕಸಭೆಲಿ ಕನ್ನಡದಲ್ಲೇ ಮಾತಾಡಿದ್ರು. ಸಂವಿಧಾನದ 120ನೇ ವಿಧಿ ಪ್ರಕಾರ ಹಿಂದಿ ಇಂಗ್ಲಿಷ್ ಬರದೇ ಇದ್ದೋರಿಗೆ ಮಾತೃಭಾಷೆಗೆ ಅನುಮತಿ ಕೊಡ್ಬಹುದು ಅಂತಿದೆ, ಈಗ ಅನುವಾದಕರೇ ಇದ್ದಾರೆ, ಅಷ್ಟು ಕಷ್ಟ ಇಲ್ಲ.

ಊಟ ಮಾಡ್ಕೊಂಡು 2 ಗಂಟೆಗೆ ವಾಪಸ್ ಬನ್ನಿ, ಮಸೂದೆ ಚರ್ಚೆ ಸಾಮಾನ್ಯವಾಗಿ ಆಗ ಇರತ್ತೆ. ಸಚಿವರು ಶುರು ಮಾಡ್ತಾರೆ, ಆಮೇಲೆ ವಿರೋಧ ಪಕ್ಷದವರು, ಆಮೇಲೆ ಪಕ್ಷವಾರು ಒಬ್ಬೊಬ್ಬರೇ. ಟೈಮ್ ಹಂಚೋದು ಪಕ್ಷದ ಬಲದ ಮೇಲೆ, ಹಾಗಾಗಿ ಜೆಡಿಎಸ್ ತರ ಲೋಕಸಭೆಲಿ ಇಬ್ಬರೇ ಇರೋ ಪಕ್ಷಕ್ಕೆ ಗಂಟಲು ಸರಿ ಮಾಡ್ಕೊಳ್ಳೋ ಹೊತ್ತಿಗೆ ಗಂಟೆ ಹೊಡಿಯತ್ತೆ. ದೊಡ್ಡ ಪಕ್ಷದಲ್ಲೂ ಮೊದಲ ಭಾಷಣಕಾರರಿಗೇ ಸಿಂಹಪಾಲು. ಸಂಜೆ ಐದರ ನಂತರ ಮಾತಾಡೋ ಹೊಸಬರ ಭಾಷಣ ತಪ್ಪಿಸ್ಕೋಬೇಡಿ, ಕ್ಯಾಮೆರಾ ಕ್ಲೋಸಪ್ ತೋರಿಸ್ತಿರತ್ತೆ, ಸುತ್ತ ಬೆಂಚು ಖಾಲಿ ಇರತ್ತೆ, ಕೋರಂಗೆ (ಕಲಾಪ ನಡೆಸೋಕೆ ಇರಲೇಬೇಕಾದ ಕನಿಷ್ಠ ಹಾಜರಿ) ಬೇಕಾಗಿರೋದು 55 ಜನ, ಅಷ್ಟು ಇದ್ದಾರಾ ಅಂತ ಅನುಮಾನ ಬರತ್ತೆ, ಆದ್ರೆ ಮಸೂದೆನ ಸೆಕ್ಷನ್ ಸೆಕ್ಷನ್ ಓದ್ಕೊಂಡು ಬಂದೋರು ಅವರಲ್ಲೇ ಜಾಸ್ತಿ.

ಕೊನೆಗೆ ಸಚಿವರ ಉತ್ತರ, ತಿದ್ದುಪಡಿಗಳು, ಮತ. ಹೆಚ್ಚಿನವು ಧ್ವನಿಮತದಲ್ಲೇ, ಹೌದು ಇಲ್ಲ ಅಂತ ಕೂಗಿಯೇ ಮುಗಿಯತ್ತೆ, ಅಂದ್ರೆ ಯಾರು ಯಾವ ಕಡೆ ಅಂತ ದಾಖಲೆನೇ ಇರಲ್ಲ. ಯಾರಾದ್ರೂ ಮತ ವಿಭಜನೆ, ಅಂದ್ರೆ ಮತ ಎಣಿಸಿ ಅಂತ ಕೇಳಿದ್ರೆ ಮಾತ್ರ ಲೆಕ್ಕ ಹೊರಗೆ ಬರತ್ತೆ, ಮಹಿಳಾ ಮೀಸಲಾತಿ ಮಸೂದೆಗೆ 2023ರ ಸೆಪ್ಟೆಂಬರ್ 20ರಂದು 454 ಪರ, 2 ವಿರುದ್ಧ ಅಂತ ಬಂತಲ್ಲ ಹಾಗೆ (ಅದು ಸಂವಿಧಾನ ತಿದ್ದುಪಡಿ, ಅಲ್ಲಿ ಎಣಿಸ್ಲೇಬೇಕು). 1985ರಲ್ಲಿ ಪಕ್ಷಾಂತರ ನಿಷೇಧ ಬಂದ ಮೇಲೆ ವಿಪ್ (ಹೀಗೇ ಮತ ಹಾಕಿ ಅನ್ನೋ ಪಕ್ಷದ ಆದೇಶ) ಮೀರಿದ್ರೆ ಸದಸ್ಯತ್ವಕ್ಕೇ ಕುತ್ತು, ಹಾಗಾಗಿ ಭಾಷಣ ಕೇಳಿ ಮನಸ್ಸು ಬದಲಾಯಿಸಿ ಮತ ಹಾಕೋರು ಸಿಗ್ತಾರೆ ಅಂತ ಕಾಯ್ಬೇಡಿ.

ಶುಕ್ರವಾರ ಆಗಿದ್ರೆ ಮಧ್ಯಾಹ್ನ ಖಾಸಗಿ ಮಸೂದೆಗಳು (ಸಚಿವರಲ್ಲದ ಸಂಸದರು ತರೋವು) ಇರಬಹುದು. ಇಲ್ಲಿವರೆಗೆ ಕಾನೂನಾಗಿರೋದು 14 ಮಾತ್ರ, ಕೊನೇದು 1970ರಲ್ಲಿ. ಪಾಸಾಗಲ್ಲ ಅಂತ ಎಲ್ಲರಿಗೂ ಗೊತ್ತಿರೋದಕ್ಕೇ ಏನೋ, ಚರ್ಚೆ ಮಾತ್ರ ಸಮಾಧಾನವಾಗಿ ಚೆನ್ನಾಗಿರತ್ತೆ.

ಲೈವ್ ನೋಡೋಕೆ ಆಗಲ್ಲ ಅನ್ನೋರು ಹಳೇ ದಿನ ಒಂದು ಓದಿ, ಸಂಸತ್ತಿನ ಡಿಜಿಟಲ್ ಲೈಬ್ರರಿಲಿ ಮೊದಲ ಲೋಕಸಭೆಯಿಂದ ಎಲ್ಲ ಚರ್ಚೆ ಇದೆ. ನಾನು ಹೇಳೋದಾದ್ರೆ 1997ರ ಏಪ್ರಿಲ್ 11, ದೇವೇಗೌಡರ ವಿಶ್ವಾಸ ಮತದ ದಿನ, ಸರ್ಕಾರ ಬಿತ್ತು. ಪ್ರಧಾನಿ ಭಾಷಣ ಒಂದನ್ನೇ ಓದ್ಬೇಡಿ, ನಡುವೆ ನಡುವೆ ಯಾರು ಎದ್ದು ಅಡ್ಡ ಹಾಕಿದ್ರು, ಅಧ್ಯಕ್ಷರು ಏನಂದ್ರು ಎಲ್ಲ ಓದಿ.

ಇವತ್ತಿನ ಭಾಷಣದ ಲಿಖಿತ ರೂಪ ಬೇಕಂದ್ರೆ ಅದೇ ವೆಬ್‌ಸೈಟಲ್ಲಿ ಬರತ್ತೆ. ಅಧ್ಯಕ್ಷರು ಕಡತದಿಂದ ತೆಗೆಸಿದ ಮಾತು ಅದರಲ್ಲಿ ಇರಲ್ಲ, ಯೂಟ್ಯೂಬ್ ಕ್ಲಿಪ್ಪಲ್ಲಿ ಕೇಳಿದ್ದು ಇಲ್ಲಿ ಸಿಗದೇ ಇದ್ರೆ ಅದಕ್ಕೇ. ಶೇರ್ ಮಾಡೋ ಮುಂಚೆ ಎರಡನ್ನೂ ಹೋಲಿಸ್ಕೊಳ್ಳಿ.