ಬೀದರ್‌ನಿಂದ ಕಲಬುರಗಿಗೆ 38 ಜಿಬಿ: ಆರ್‌ಸಿಂಕ್, ಎಸ್‌ಎಸ್‌ಎಚ್ ಮತ್ತು ನನ್ನ ಅನುಭವ

ಬೀದರ್ ಕೋಟೆ ಮತ್ತು ಮಹಮೂದ್ ಗಾವಾನ್ ಮದರಸಾದ ಟಿಫ್ ಫೋಟೊಗಳು ಬೀದರ್‌ನ ಒಂದು ಲಿನಕ್ಸ್ ಯಂತ್ರದಲ್ಲಿ ಜಮಾ ಆಗುತ್ತವೆ. ಅವು ಕಲಬುರಗಿಯ ಯಂತ್ರಕ್ಕೆ ಬರಬೇಕು. ಒಂದು ಕಂತು ಸುಮಾರು 38 ಜಿಬಿ. ಬೀದರ್ ಕಡೆಯ ಅಪ್‌ಲೋಡ್ 10 ಎಂಬಿಪಿಎಸ್. ಅಂದರೆ ಬರೋಬ್ಬರಿ ಎಂಟೂವರೆ ತಾಸು, ನಡುವೆ ಕರೆಂಟ್ ಹೋಗದಿದ್ದರೆ. ಕಲಬುರಗಿಯ ಡೌನ್‌ಲೋಡ್ ಎಷ್ಟೇ ಜೋರಿದ್ದರೂ ಪ್ರಯೋಜನವಿಲ್ಲ. ಇದಕ್ಕೆ ನಾನು ಹಚ್ಚಿದ್ದು ಆರ್‌ಸಿಂಕ್, ಅಂದರೆ ಎರಡು ಯಂತ್ರಗಳ ಫೋಲ್ಡರ್ ಹೊಂದಿಸುವ ತಂತ್ರಾಂಶ. ಅದು ಎಸ್‌ಎಸ್‌ಎಚ್ ಮೂಲಕ, ಅಂದರೆ ದೂರದ ಯಂತ್ರಕ್ಕೆ ಗೂಢಲಿಪಿಯಲ್ಲಿ ಕೂಡುವ ದಾರಿಯಲ್ಲಿ, ಓಡುತ್ತದೆ.

ಎಸ್‌ಎಸ್‌ಎಚ್ ಜೊತೆಗೇ ಬರುವ ಫೈಲ್ ನಕಲಿನ ಆದೇಶ ಎಸ್‌ಸಿಪಿಯನ್ನು ಇಂಥ ಕೆಲಸಕ್ಕೆ ಹಚ್ಚಬೇಡಿ. 2022ರ ಓಪನ್‌ಎಸ್‌ಎಸ್‌ಎಚ್ (ಎಸ್‌ಎಸ್‌ಎಚ್‌ನ ತಂತ್ರಾಂಶ) 9.0ರಿಂದ ಅದು ಒಳಗೊಳಗೆ ಎಸ್‌ಎಫ್‌ಟಿಪಿ ಎಂಬ ಫೈಲ್ ಸಾಗಿಸುವ ವಿಧಾನವನ್ನೇ ಬಳಸುತ್ತದೆ, ಆದರೆ ಸಂಪರ್ಕ ಕಡಿದರೆ ಆ ಫೈಲನ್ನು ಮತ್ತೆ ಮೊದಲಿನಿಂದ ಕಳಿಸಬೇಕು. ಒಂದೆರಡು ಸಣ್ಣ ಫೈಲಿಗೆ ಸಾಕು. ಅಲ್ಲಿಯೂ ಒಂದು ಎಡವಟ್ಟು ಇದೆ: ಪೋರ್ಟ್ (ಯಂತ್ರದೊಳಗೆ ಬರುವ ಬಾಗಿಲಿನ ಸಂಖ್ಯೆ) ಹೇಳಲು ಎಸ್‌ಎಸ್‌ಎಚ್‌ಗೆ ಸಣ್ಣ ಪಿ, ಎಸ್‌ಸಿಪಿಗೆ ದೊಡ್ಡ ಪಿ. ಎಸ್‌ಸಿಪಿಯಲ್ಲಿ ಸಣ್ಣ ಪಿ ಅಂದರೆ ಫೈಲಿನ ಸಮಯ ಉಳಿಸು ಎಂದರ್ಥ. ಅದರ ಮುಂದೆ ಬರೆದ ಪೋರ್ಟ್ ಸಂಖ್ಯೆ, ನನ್ನ ವಿಷಯದಲ್ಲಿ 2222, ಅನ್ನು ಅದು ಫೈಲಿನ ಹೆಸರೆಂದು ತಿಳಿದು, ಅಂಥ ಫೈಲ್ ಇಲ್ಲ ಅನ್ನುತ್ತದೆ. ಪೋರ್ಟ್, ಬಳಕೆದಾರ, ಕೀ (ಪಾಸ್‌ವರ್ಡ್ ಬದಲು ಗುರುತು ಹೇಳುವ ಫೈಲ್) ಎಲ್ಲವನ್ನೂ ಎಸ್‌ಎಸ್‌ಎಚ್ ಕಾನ್ಫಿಗ್ ಫೈಲಿನಲ್ಲಿ ಒಂದು ಅಡ್ಡಹೆಸರಿನಡಿ ಬರೆದಿಟ್ಟರೆ ಈ ರಗಳೆ ಇಲ್ಲ.

ಯಾವ ಕಡೆಯಿಂದ ಸಂಪರ್ಕ ಶುರುವಾಗಬೇಕು ಅನ್ನುವುದನ್ನು ಮೊದಲೇ ನೋಡಿ. ಬೀದರ್ ರೌಟರ್‌ನ ಹೊರವಿಳಾಸ 100.64ರಿಂದ 100.127ರ ನಡುವೆ ಇತ್ತು. ಅಂದರೆ ಒಂದೇ ವಿಳಾಸವನ್ನು ಹತ್ತಾರು ಗ್ರಾಹಕರಿಗೆ ಹಂಚಿದ್ದಾರೆ, ಹೊರಗಿನಿಂದ ಒಳಬರಲು ದಾರಿಯಿಲ್ಲ. ಹಾಗಾಗಿ ಸ್ಥಿರ ಐಪಿ (ಬದಲಾಗದ ಹೊರವಿಳಾಸ) ಕಲಬುರಗಿಯಲ್ಲಿ ತೆಗೆದುಕೊಂಡು, ರೌಟರ್‌ನ 2222 ಪೋರ್ಟನ್ನು ಯಂತ್ರದ 22ಕ್ಕೆ ತಿರುಗಿಸಿದೆ. ಕಳಿಸುವ ಕೆಲಸ ಬೀದರ್‌ನದು.

ಮೊದಲ ಸಲ ಕೂಡುವಾಗ ಎಸ್‌ಎಸ್‌ಎಚ್ ಆ ಕಡೆಯ ಯಂತ್ರದ ಬೆರಳಚ್ಚು (ಅದರ ಕೀಯ ಗುರುತಿನ ಅಕ್ಷರಸಾಲು) ತೋರಿಸಿ "ಯೆಸ್" ಹೊಡೆ ಅನ್ನುತ್ತದಲ್ಲ, ಇಡೀ ಭದ್ರತೆ ಅಲ್ಲೇ ಇದೆ. ಎಲ್ಲರೂ ಕಣ್ಣು ಮುಚ್ಚಿ ಯೆಸ್ ಅನ್ನುತ್ತಾರೆ. ಗೂಢಲಿಪಿ ಎಷ್ಟೇ ಗಟ್ಟಿಯಿರಲಿ, ಆ ಕಡೆ ಕೂತಿದ್ದು ಬೇರೆ ಯಂತ್ರವಾದರೆ ಏನು ಬಂತು? ಕಲಬುರಗಿಯ ಯಂತ್ರದಲ್ಲಿ ಎಸ್‌ಎಸ್‌ಎಚ್-ಕೀಜೆನ್‌ ಆದೇಶಕ್ಕೆ ಎಲ್ ಎಫ್ ಆಯ್ಕೆ ಕೊಟ್ಟು, ಹೋಸ್ಟಿನ (ಅಂದರೆ ಆ ಯಂತ್ರದ) ಪಬ್ಲಿಕ್ ಕೀ ಫೈಲನ್ನು ತೋರಿಸಿದರೆ ಎಸ್‌ಎಚ್‌ಎ256 ಎಂಬುದರ ಮುಂದೆ 43 ಅಕ್ಷರ ಬರುತ್ತವೆ. ಅವನ್ನು ಬೇರೆ ದಾರಿಯಲ್ಲಿ ಬೀದರ್‌ಗೆ ತಲುಪಿಸಬೇಕು. ಓಪನ್‌ಎಸ್‌ಎಸ್‌ಎಚ್ 8.0ರಿಂದ ಯೆಸ್ ಬದಲು ಆ ಬೆರಳಚ್ಚನ್ನೇ ಅಂಟಿಸಬಹುದು. ಹೊಂದಿದರೆ ಮಾತ್ರ ಮುಂದೆ ಬಿಡುತ್ತದೆ.

ಬೀದರ್ ಯಂತ್ರ ಒಳಬರಲು ಬಳಸುವ ಕೀ ಇಡಿ25519 ಬಗೆಯದು. ರಾತ್ರಿ ತಾನಾಗಿ ಓಡಬೇಕಾದ್ದರಿಂದ ಅದಕ್ಕೆ ಪಾಸ್‌ಫ್ರೇಸ್ ಇಲ್ಲ, ಬದಲಿಗೆ ಮೂಗುದಾರ ಇದೆ: ಕಲಬುರಗಿಯ ಆಥರೈಜ್ಡ್ ಕೀಸ್ ಫೈಲಿನಲ್ಲಿ (ಒಳಬಿಡಬೇಕಾದ ಕೀಗಳ ಪಟ್ಟಿ) ಆ ಕೀಯ ಸಾಲಿನ ಮೊದಲಿಗೆ "ರಿಸ್ಟ್ರಿಕ್ಟ್" ಬರೆದು, ಕಮಾಂಡ್ ಜಾಗದಲ್ಲಿ ಆರ್‌ಆರ್‌ಸಿಂಕ್ (ಆರ್‌ಸಿಂಕನ್ನು ಒಂದು ಫೋಲ್ಡರಿಗೆ ಕಟ್ಟಿಹಾಕುವ ಸ್ಕ್ರಿಪ್ಟ್), ಡಬ್ಲ್ಯೂಒ (ಬರೆಯಲು ಮಾತ್ರ) ಮತ್ತು ಒಂದೇ ಫೋಲ್ಡರಿನ ದಾರಿ ಕೊಟ್ಟಿದ್ದೇನೆ. ಕೀ ಕಳುವಾದರೂ ಆ ಫೋಲ್ಡರಿಗೆ ಬರೆಯಬಹುದೇ ಹೊರತು ಏನನ್ನೂ ಓದಿ ಒಯ್ಯಲಾಗದು. ಇದರ ಮೇಲೆ ಆರ್‌ಸಿಂಕ್‌ಗೆ ಪೂರ್ತಿ ದಾರಿ ಕೊಡಬೇಡಿ. ಆ ಫೋಲ್ಡರೇ ಅದಕ್ಕೆ ಬೇರು. ಎಸ್‌ಎಸ್‌ಎಚ್ ಫೋಲ್ಡರಿಗೆ 700, ಆಥರೈಜ್ಡ್ ಕೀಸ್‌ಗೆ 600 ಅನುಮತಿ, ಅಂದರೆ ಮಾಲೀಕನಿಗೆ ಮಾತ್ರ. ಹೋಮ್ ಫೋಲ್ಡರಿಗೆ ಗುಂಪಿನವರು ಬರೆಯುವ ಅನುಮತಿ ಇದ್ದರೆ ಕೀ ಸರಿಯಿದ್ದರೂ ಪಾಸ್‌ವರ್ಡ್ ಕೇಳುತ್ತದೆ. ಕಾರಣ ಸರ್ವರ್ ಕಡೆಯ ಲಾಗ್‌ನಲ್ಲಿ ಮಾತ್ರ ಕಾಣುತ್ತದೆ.

ಆರ್‌ಸಿಂಕ್‌ಗೆ ಕೊಡುವ ಆಯ್ಕೆ: ಎ (ಒಳಫೋಲ್ಡರ್, ಸಮಯ, ಅನುಮತಿ ಇದ್ದಂತೆ ಒಯ್ಯು), ಪಾರ್ಷಿಯಲ್-ಡಿರ್ (ಅರ್ಧ ಬಂದ ಫೈಲನ್ನು ಬೇರೆ ಫೋಲ್ಡರಿನಲ್ಲಿಡು), ಹಗಲಾದರೆ ಬಿಡಬ್ಲ್ಯೂಲಿಮಿಟ್ (ವೇಗದ ಮಿತಿ) 1000. ಈ 1000 ಸೆಕೆಂಡಿಗೆ ಕಿಲೋಬೈಟ್ ಲೆಕ್ಕ, ಸುಮಾರು 8 ಎಂಬಿಪಿಎಸ್. ಆಗ ಕಂತು ಹತ್ತು ತಾಸು ದಾಟುತ್ತದೆ. ಬರೀ ಪಾರ್ಷಿಯಲ್ ಬೇಡ: ಅರ್ಧ ಬಂದ ಫೈಲ್ ನಿಜವಾದ ಹೆಸರಿನಲ್ಲೇ ಕೂತಿರುತ್ತದೆ, ಯಾರಾದರೂ ತೆರೆದು ಕೆಟ್ಟಿದೆ ಅನ್ನುತ್ತಾರೆ. ಎಲ್‌ಜೆಡ್‌ಡಬ್ಲ್ಯೂ ಹಚ್ಚಿ ಮೊದಲೇ ಕುಗ್ಗಿಸಿದ ಟಿಫ್‌ಗೆ ಜೆಡ್ (ಕುಗ್ಗಿಸಿ ಕಳಿಸು) ಕೊಡುವುದು ದಂಡ. ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ಸರ್ವರ್ ಅಲೈವ್ ಇಂಟರ್‌ವಲ್ 30, ಕೌಂಟ್ 4, ಅಂದರೆ 30 ಸೆಕೆಂಡಿಗೊಮ್ಮೆ ಕೇಳಿ, ನಾಲ್ಕು ಸಲ ಉತ್ತರ ಬಾರದಿದ್ದರೆ ಬಿಡು. ಸತ್ತ ಸಂಪರ್ಕ ಎರಡು ನಿಮಿಷದಲ್ಲಿ ಕಡಿಯುತ್ತದೆ, ಇಲ್ಲವಾದರೆ ಬೆಳಗಿನವರೆಗೆ ಸುಮ್ಮನೆ ನಿಂತಿರುತ್ತದೆ. ಯುಪಿಎಸ್ ಕಂಪ್ಯೂಟರಿಗಷ್ಟೇ ಕೊಟ್ಟು ರೌಟರ್ ಬಿಟ್ಟರೆ ಕೊಟ್ಟೂ ಇಲ್ಲದಂತೆ.

ಕಡಿದಾಗ ತಾನೇ ಮತ್ತೆ ಓಡಲು ಟಿಮಕ್ಸ್ (ಕಿಟಕಿ ಮುಚ್ಚಿದರೂ ಕೆಲಸ ನಡೆಸುವ ಟರ್ಮಿನಲ್) ಒಳಗೆ ಲೂಪ್ ಹಾಕಿದೆ. "ಯಶಸ್ವಿಯಾಗುವ ತನಕ" ಎಂದು ಬರೆದರೆ ಅದು ನಿಲ್ಲುವುದೇ ಇಲ್ಲ! ಆರ್‌ಸಿಂಕ್ ಮುಗಿಯುವಾಗ ಕೊಡುವ ನಿರ್ಗಮನ ಸಂಖ್ಯೆ 12, 30, 255 ಬಂದರೆ ಸಾಮಾನ್ಯವಾಗಿ ಸಂಪರ್ಕದ ತೊಂದರೆ, 60 ಸೆಕೆಂಡ್ ತಡೆದು ಮತ್ತೆ ಓಡಿಸಬೇಕು. 23 ಅಂದರೆ ಕೆಲವು ಫೈಲ್ ಹೋಗಲಿಲ್ಲ. ಕಾರಣ ತೆಗೆಯದೆ ಎಷ್ಟು ಸಲ ಓಡಿಸಿದರೂ ಹೋಗುವುದಿಲ್ಲ.

ಆ 23ಕ್ಕೆ ನನಗೆ ಸಿಕ್ಕ ಕಾರಣ ಕನ್ನಡದ ಹೆಸರು. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಕಾಗುಣಿತಕ್ಕೂ ಅರ್ಧಾಕ್ಷರದ ಚಿಹ್ನೆಗೂ ಬೇರೆ ಬೇರೆ. ಕಣ್ಣಿಗೆ ಒಂದೇ ಆದ "ಸ್ತ್ರೀ" 18 ಬೈಟ್. ಲಿನಕ್ಸ್‌ನ ಎಕ್ಸ್ಟ್4 ಡಿಸ್ಕಿನಲ್ಲಿ ಹೆಸರಿನ ಮಿತಿ 255 ಬೈಟ್, ಅಂದರೆ 85 ಸಂಕೇತ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕ್ 255 ಸಂಕೇತ ಹಿಡಿಯುತ್ತದೆ. ಅಲ್ಲಿ ಉದ್ದುದ್ದ ಶೀರ್ಷಿಕೆ ಕೊಟ್ಟ ಫೋಟೊ ಇಲ್ಲಿ ಇಳಿಯುವುದಿಲ್ಲ.

ಇನ್ನೊಂದು ಇದಕ್ಕಿಂತ ಕಳ್ಳ. ಹಳೆಯ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕಿನಿಂದ ಬಂದ ಮೇಲೆ "ಬೀದರ್ ಕೋಟೆ" ಹೆಸರಿನ ಎರಡು ಫೋಲ್ಡರ್ ಕಂಡವು. "ಕಲಬುರಗಿ", "ಯಾದಗಿರಿ" ಒಂದೊಂದೇ. ಆ ಡಿಸ್ಕ್ ಹೆಸರನ್ನು ಬಿಡಿಸಿ ಇಡುತ್ತದೆ: ಬೀ ಒಳಗಿನ ದೀರ್ಘವನ್ನು ಗುಡಿಸು ಮತ್ತು ದೀರ್ಘಚಿಹ್ನೆ ಎಂದು ಎರಡು ಮಾಡುತ್ತದೆ, ಕೋ ಇದ್ದರೆ ಮೂರು. ಲಿನಕ್ಸ್‌ಗೆ ಬೈಟ್ ಬೇರೆಯಾದರೆ ಹೆಸರೇ ಬೇರೆ. ಕಲಬುರಗಿ, ಯಾದಗಿರಿಯಲ್ಲಿ ಬಿಡಿಸುವಂಥ ಚಿಹ್ನೆಯೇ ಇಲ್ಲ. ಮ್ಯಾಕ್‌ನಿಂದ ಕಳಿಸುವಾಗ ಆರ್‌ಸಿಂಕ್ 3ನ್ನು ಹಾಕಿಕೊಂಡು ಹೆಸರಿನ ಬೈಟ್ ಬದಲಿಸುವ ಐಕಾನ್ವ್‌ ಆಯ್ಕೆಗೆ ಯುಟಿಎಫ್-8-ಮ್ಯಾಕ್, ಯುಟಿಎಫ್-8 ಎಂದು ಕೊಡಬಹುದು. ಬಂದಾಗಿದ್ದರೆ, ಹೆಸರು ಸರಿಪಡಿಸುವ ಕಾನ್ವ್‌ಎಂವಿ ಆದೇಶಕ್ಕೆ ಎನ್‌ಎಫ್‌ಸಿ (ಬಿಡಿಸಿದ್ದನ್ನು ಕೂಡಿಸು) ಹೇಳಿ. ನೋಟೆಸ್ಟ್ ಸೇರಿಸುವ ತನಕ ಅದು ಏನು ಮಾಡುವೆನೆಂದು ತೋರಿಸುತ್ತದಷ್ಟೆ.

ಫೈಲುಗಳು ಸರಿಯಾಗಿ ತಲುಪಿದವೇ ಎಂದು ತಾಳೆ ನೋಡುವ ಎಸ್‌ಎಚ್‌ಎ256ಸಮ್ ಪಟ್ಟಿಯನ್ನು ಬೀದರ್‌ನಲ್ಲಿ ಮಾಡುವುದು ಹೆಸರು ಸರಿಪಡಿಸಿದ ನಂತರ. ಮೊದಲೇ ಮಾಡಿದರೆ ಫೋಟೊ ಸರಿಯಿದ್ದರೂ, ಬೀದರ್ ಕೋಟೆಯ ಫೈಲುಗಳು ಮಾತ್ರ ಸಿಗುತ್ತಿಲ್ಲ ಎಂದು ಕಲಬುರಗಿಯಲ್ಲಿ ಸಾಲುಸಾಲು ದೂರು ಬರುತ್ತದೆ.