ಗ್ರೇಡಿಯಂಟ್ ಕರಗುವಾಗ ಬಣ್ಣ ಕೊಳೆಯಾಗದಿರಲಿ

ಫೋಟೊ ಮೇಲೆ ಶೀರ್ಷಿಕೆ ಎದ್ದು ಕಾಣಬೇಕೆಂದರೆ ಅದರ ಹಿಂದೆ ಬಣ್ಣದ ಪಟ್ಟಿ ಇಟ್ಟು, ಮೇಲಕ್ಕೆ ಹೋದಂತೆ ಅದು ಕರಗುವಂತೆ ಮಾಡುತ್ತಾರೆ. ಕೋಡ್ ಬರೆದು ಚಿತ್ರ ಮೂಡಿಸುವ ಎಸ್‌ವಿಜಿಯಲ್ಲಿ ಇದಕ್ಕೆ ಬೇಕಾಗುವುದು ಕೆಲವೇ ಸಾಲು.

ಮೊದಲು ಡೆಫ್ಸ್ ಟ್ಯಾಗ್ ಒಳಗೆ ಲೀನಿಯರ್ ಗ್ರೇಡಿಯಂಟ್ (ನೇರ ದಿಕ್ಕಿನಲ್ಲಿ ಮೆಲ್ಲಗೆ ಬದಲಾಗುವ ಬಣ್ಣ) ಬರೆದು ಐಡಿ, ಅಂದರೆ ಗುರುತಿನ ಹೆಸರು ಕೊಡಿ. ಸುಮ್ನೆ ಬಿಟ್ಟರೆ ಬಣ್ಣ ಎಡದಿಂದ ಬಲಕ್ಕೆ ಸಾಗುತ್ತದೆ. ಮೇಲಿನಿಂದ ಕೆಳಕ್ಕೆ ಬೇಕಾದರೆ ಗ್ರೇಡಿಯಂಟ್ ಮುಗಿಯುವ ಜಾಗ ಹೇಳುವ ಎಕ್ಸ್2 ಬೆಲೆ 0, ವೈ2 ಬೆಲೆ 1 ಎಂದು ಬರೆಯಿರಿ.

ಆಮೇಲೆ ಎರಡು ಸ್ಟಾಪ್, ಅಂದರೆ ಬಣ್ಣ ನಿಗದಿ ಮಾಡುವ ಬಿಂದು ಸೇರಿಸಿ. ಆಫ್‌ಸೆಟ್ ಜಾಗ ಹೇಳುತ್ತದೆ, ಸ್ಟಾಪ್-ಕಲರ್ ಬಣ್ಣ ಹೇಳುತ್ತದೆ. ಬಣ್ಣ ಎಷ್ಟು ಗಟ್ಟಿ ಎನ್ನುವುದು ಸ್ಟಾಪ್-ಒಪಾಸಿಟಿಯ ಕೆಲಸ. 1 ಅಂದರೆ ಪೂರ್ತಿ ಬಣ್ಣ, 0 ಅಂದರೆ ಏನೂ ಕಾಣುವುದಿಲ್ಲ. ಬರೆಯದಿದ್ದರೆ 1 ಎಂದೇ ಲೆಕ್ಕ.

ಜಾಸ್ತಿ ಜನ ಎಡವುವುದು ಇಲ್ಲೇ. ಕರಗುವ ತುದಿಗೆ ಬಣ್ಣದ ಬದಲು 'ಟ್ರಾನ್ಸ್‌ಪರೆಂಟ್' ಎಂದು ಬರೆದುಬಿಡುತ್ತಾರೆ. ಅದು ನಿಜಕ್ಕೂ ಒಪಾಸಿಟಿ 0 ಇರುವ ಕಪ್ಪು. ಎಸ್‌ವಿಜಿ ಬಣ್ಣವನ್ನೂ ಒಪಾಸಿಟಿಯನ್ನೂ ಬೇರೆ ಬೇರೆಯಾಗಿ ಬೆರೆಸುತ್ತದೆ. ಹಾಗಾಗಿ ಕೆಂಪು, ಹಸಿರು, ನೀಲಿಯ ಪ್ರಮಾಣ 255, 255, 0 ಇರುವ ಹಳದಿ ನಡುದಾರಿಯಲ್ಲಿ 128, 128, 0 ಆಗುತ್ತದೆ. ಅಂದರೆ ಅರ್ಧ ಪಾರದರ್ಶಕ ಮಾತ್ರವಲ್ಲ, ಕೊಳಕು ಹಸಿರುಗಂದು ಕೂಡ. ವೆಬ್ ಪುಟಕ್ಕೆ ರೂಪ ಕೊಡುವ ಸಿಎಸ್‌ಎಸ್‌ನ ಗ್ರೇಡಿಯಂಟ್‌ನಲ್ಲಿ ಬಣ್ಣವನ್ನು ಮೊದಲೇ ಒಪಾಸಿಟಿಯಿಂದ ಗುಣಿಸಿ ಬೆರೆಸುವುದರಿಂದ ಈ ತೊಂದರೆ ಬರುವುದಿಲ್ಲ. ಅಲ್ಲಿ ಚೆನ್ನಾಗಿದ್ದದ್ದು ಇಲ್ಲಿ ಮಂಕಾಗುವುದು ಅದಕ್ಕೇ.

ಪರಿಹಾರ ಸುಲಭ: ಎರಡೂ ಸ್ಟಾಪ್‌ಗೆ ಅದೇ ಹಳದಿ ಕೊಡಿ, ಒಂದರ ಸ್ಟಾಪ್-ಒಪಾಸಿಟಿ ಮಾತ್ರ 0 ಮಾಡಿ. ಇದನ್ನು ರೂಢಿ ಮಾಡಿಕೊಂಡರೆ ಅರ್ಧ ತಲೆನೋವು ಹೋದಂತೆ.

ಕರಗುವಿಕೆ ಒರಟಾಗಿ ಕಂಡರೆ ನಡುವೆ ಮೂರನೇ ಸ್ಟಾಪ್ ಇಡಿ. 50% ಜಾಗದಲ್ಲಿ 0.5 ಬದಲು 0.3 ಕೊಟ್ಟು ನೋಡಿ, ಅಂಚು ಎಷ್ಟೋ ಮೆತ್ತಗಾಗುತ್ತದೆ. ಆಫ್‌ಸೆಟ್‌ಗಳು ಏರಿಕೆ ಕ್ರಮದಲ್ಲೇ ಇರಲಿ.

ಇನ್ನು ಆಕಾರದ ಫಿಲ್‌ನಲ್ಲಿ (ಒಳಗೆ ತುಂಬುವ ಬಣ್ಣ) ಗ್ರೇಡಿಯಂಟ್‌ನ ಆ ಐಡಿ ಹೆಸರಿಸಿದರೆ ಬಣ್ಣ ಬರುತ್ತದೆ. ಬೇಕಾದ್ದಕ್ಕಿಂತ ತೆಳುವಾಗಿದೆಯಾ? ಹಾಗಿದ್ದರೆ ಫಿಲ್-ಒಪಾಸಿಟಿ ನೋಡಿ. ಎರಡೂ ಗುಣಾಕಾರವಾಗುತ್ತವೆ: ಸ್ಟಾಪ್‌ನಲ್ಲಿ 0.8, ಫಿಲ್‌ನಲ್ಲಿ 0.5 ಇದ್ದರೆ ಕಾಣುವುದು 0.4 ಮಾತ್ರ.

ನೇರ ಅಡ್ಡಗೆರೆಯ ಸ್ಟ್ರೋಕ್‌ಗೆ (ಗೆರೆಯ ಬಣ್ಣ) ಗ್ರೇಡಿಯಂಟ್ ಹಾಕಿದಾಗ ಗೆರೆಯೇ ಮಾಯವಾಗುವುದುಂಟು. ಗ್ರೇಡಿಯಂಟ್ ಅಳತೆ ತೆಗೆದುಕೊಳ್ಳುವುದು ಆಕಾರದ ಚೌಕಟ್ಟಿನಿಂದ, ಅಡ್ಡಗೆರೆಯ ಚೌಕಟ್ಟಿಗೆ ಎತ್ತರವೇ ಇಲ್ಲ. ಆಗ ಅಳತೆ ಎಲ್ಲಿಂದ ಎಂದು ಹೇಳುವ ಗ್ರೇಡಿಯಂಟ್‌ಯೂನಿಟ್ಸ್ ಅನ್ನು ಯೂಸರ್‌ಸ್ಪೇಸ್‌ಆನ್‌ಯೂಸ್ ಎಂದು ಬದಲಿಸಿ, ಗೆರೆಯ ಎರಡು ತುದಿಗಳ ಸ್ಥಾನವನ್ನು ನೀವೇ ಕೊಡಿ.